ಉಳಿದುಹೋದ ವಾಷರ್

“ಬುದ್ಧೀ, ದೊಡ್ಡ ಕೆಲಸಕ್ಕೆ ಹೊರಟವನು ಒಂದು ಸಣ್ಣ ಸಂಗತಿಯನ್ನು ಹಾಗೇ ಬಿಟ್ಟು ಹೋದರೆ ತಪ್ಪೇ?”

ಹೀಗೆ ಕೇಳಿದವನು ಮಠದ ಶಿಷ್ಯ ಗುರುಮಲ್ಲ. ಮರುದಿನ ಬೆಳಿಗ್ಗೆ ಅವನಿಗೆ ದೀಕ್ಷೆ. ಗುರುಗಳು ಪಡಸಾಲೆಯಲ್ಲಿ ಕೂತು ದಾಸೋಹಕ್ಕೆ ಅವರೆಕಾಯಿ ಸುಲಿಯುತ್ತಿದ್ದರು. ತಲೆ ಎತ್ತಲಿಲ್ಲ.

“ಸಣ್ಣದು ಅಂದೆಯಲ್ಲ, ಏನದು?”

“ಮಠಕ್ಕೆ ಬರುವ ಮುಂಚೆ ನಮ್ಮಕ್ಕನಿಗೆ ಒಂದು ಮಾತು ಅಂದುಬಿಟ್ಟಿದ್ದೆ. ಆಮೇಲೆ ಅವಳು ಈ ಕಡೆ ತಲೆ ಹಾಕಿಲ್ಲ. ನನ್ನ ಮಾತಿಗೇ ನೊಂದುಕೊಂಡಳೋ ಏನೋ. ಹೋಗಿ ಕೇಳೋಣ ಅಂದರೆ ಊರು ದೂರ. ಹೋಗಿ ಬರುವಷ್ಟರಲ್ಲಿ ಮುಹೂರ್ತ ಮೀರುತ್ತದೆ. ಬಿಟ್ಟುಬಿಡಲೇ ಬುದ್ಧೀ?”

“ಬಿಡು ಅಂತಲೂ ಹೇಳುವುದಿಲ್ಲ, ಹೋಗು ಅಂತಲೂ ಹೇಳುವುದಿಲ್ಲ. ಒಂದು ಕತೆ ಹೇಳುತ್ತೇನೆ. ಸುಮ್ಮನೆ ಬಾಯಿ ನೋಡುತ್ತ ಕೂರಬೇಡ, ನೀನೂ ಕಾಯಿ ಸುಲಿ,” ಎಂದು ಗುರುಗಳು ಮೊರವನ್ನು ಅವನತ್ತ ತಳ್ಳಿದರು. ಅವರು ಹೇಳಿದ ಕತೆ ಇದು.

ಬೆಟ್ಟದ ಬುಡದ ಒಂದು ಊರಿನಲ್ಲಿ ಒಬ್ಬ ಬೇಕರಿಯವನಿದ್ದ. ಬನ್ನು, ಬ್ರೆಡ್ಡು, ಖಾರಾ ಮಾರಿಕೊಂಡು ನೆಟ್ಟಗೆ ಬದುಕುತ್ತಿದ್ದ. ಅವನಿಗೆ ಒಂದು ಹುಚ್ಚಿತ್ತು. ಹಳೆಯ ಮೋಟಾರ್ ಸೈಕಲ್ಲೊಂದನ್ನು ಇಟ್ಟುಕೊಂಡು, ವರ್ಷಕ್ಕೊಮ್ಮೆ ನಡೆಯುವ ಬೆಟ್ಟ ಹತ್ತುವ ಪಂದ್ಯಕ್ಕೆ ಹೋಗುತ್ತಿದ್ದ.

ಆ ಪಂದ್ಯದಲ್ಲಿ ಗಾಡಿಗಳೆಲ್ಲ ಒಟ್ಟಿಗೆ ನುಗ್ಗುವುದಿಲ್ಲ. ಬುಡದಲ್ಲಿ ನಿಂತು ಒಬ್ಬೊಬ್ಬರ ಹೆಸರನ್ನೇ ಕೂಗುತ್ತಾರೆ. ಹೆಸರು ಬಂದವನು ಒಬ್ಬನೇ ಹೊರಟು ತಿರುವುಗಳನ್ನು ದಾಟಿ ತುದಿ ಮುಟ್ಟಬೇಕು. ಎಷ್ಟು ಹೊತ್ತಾಯಿತು ಅಂತ ಬರೆದುಕೊಳ್ಳುತ್ತಾರೆ, ಅಷ್ಟೇ. ಅಲ್ಲಿ ಒಂದು ಕಟ್ಟಳೆ ಇತ್ತು. ಓಡಿಸುವವನು ತನ್ನ ಗಾಡಿಯನ್ನು ತಾನೇ ಬಿಚ್ಚಿ ತಾನೇ ಕಟ್ಟಿರಬೇಕು. ಮೆಕ್ಯಾನಿಕ್ಕನ ಕೈ ಸೋಕಿದರೆ ಹೆಸರು ಹೊಡೆದುಹಾಕುತ್ತಾರೆ.

ನಮ್ಮ ಬೇಕರಿಯವನು ಮೊದಲ ವರ್ಷ ಹೋದ. ಹಿಂದಿನ ದಿನ ಚೈನು ಬಿಚ್ಚಿ ತೊಳೆದು ಹಾಕುವಾಗ ಸಣ್ಣದೊಂದು ಕ್ಲಿಪ್ಪು ಕೈಯಲ್ಲಿ ಉಳಿಯಿತು. ಎಲ್ಲಿಯದೋ ತಿಳಿಯಲಿಲ್ಲ. ‘ಇರಲಿ, ಗಾಡಿ ಓಡುತ್ತಿದೆಯಲ್ಲ’ ಅಂದುಕೊಂಡು ಜೇಬಿಗೆ ಹಾಕಿಕೊಂಡ. ಅರ್ಧ ಬೆಟ್ಟದಲ್ಲಿ ಚೈನು ಕಳಚಿ ರಸ್ತೆಗೆ ಬಿತ್ತು. ಆ ಕ್ಲಿಪ್ಪು ಚೈನಿನ ಕೊಂಡಿಗೇ ಹಾಕಬೇಕಾದದ್ದು. ಅವನು ಗಾಡಿ ತಳ್ಳಿಕೊಂಡು ಇಳಿದು ಬಂದ.

ಎರಡನೆಯ ವರ್ಷ ಹೆದರಿಕೆ ಹೆಚ್ಚಾಯಿತು. ಕಂಡ ಬೋಲ್ಟನ್ನೆಲ್ಲ ಉಸಿರು ಕಟ್ಟಿ ಬಿಗಿದ. ಒಂದು ಬೋಲ್ಟಿನ ಥ್ರೆಡ್ ಹೋಗಿ ದಾರಿಯುದ್ದಕ್ಕೂ ಆಯಿಲ್ ಸೋರಿತು. ಆಗಲೂ ಅರ್ಧ ಬೆಟ್ಟವೇ. ಮತ್ತೆ ತಳ್ಳಿಕೊಂಡು ಬಂದ.

ಊರಿನವರು ಬಿಡುತ್ತಾರೆಯೇ? ಅವನಿಗೆ ‘ಅರ್ಧಬೆಟ್ಟ’ ಅಂತಲೇ ಹೆಸರಿಟ್ಟರು. ಬೇಕರಿಗೆ ಬಂದವರು, “ಅರ್ಧ ಕೆ.ಜಿ. ಖಾರಾ ಕೊಡಪ್ಪ, ಅರ್ಧ ಅಂದರೆ ಎಷ್ಟು ಅಂತ ನಿನಗೆ ಹೇಳಿಕೊಡಬೇಕಾ?” ಅನ್ನುತ್ತಿದ್ದರು. ಅವನು ನಕ್ಕು ತೂಗಿ ಕೊಡುತ್ತಿದ್ದ. ಒಳಗೆ ಮಾತ್ರ ಹೊಟ್ಟೆ ಉರಿಯುತ್ತಿತ್ತು. ಬಹುಮಾನ ಗಿಹುಮಾನ ಅವನಿಗೆ ಬೇಡವೇ ಬೇಡವಾಗಿತ್ತು. ಒಂದೇ ಒಂದು ಸಲ, ಹೆಸರು ಕೂಗಿಸಿಕೊಂಡು ಹೊರಟು, ತುದಿ ಮುಟ್ಟಿ, ಪಟ್ಟಿಯಲ್ಲಿ ತನ್ನದೊಂದು ಹೊತ್ತು ಬರೆಸಿಕೊಳ್ಳಬೇಕು. ಅಷ್ಟೇ ಆಸೆ.

ಅವನ ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದಳು. ಎರಡು ವರ್ಷವೂ ಅವಳು ತುದಿಗೆ ಮುಂಚೆಯೇ ಹೋಗಿ ಕಾದಿದ್ದಳು. ಯಾರ ಯಾರದೋ ಗಾಡಿಗಳು ಬಂದವು, ಇವನದು ಬರಲಿಲ್ಲ. ಆದರೂ ಅವಳು ಒಂದು ದಿನವೂ ‘ಸಾಕು ಬಿಡಿ’ ಅನ್ನಲಿಲ್ಲ.

ಮೂರನೆಯ ವರ್ಷ ಬಂತು. ಪಂದ್ಯ ನಡೆಸುವವರು ಆ ಸಲ ಒಂದು ಸುದ್ದಿ ಹೇಳಿದರು. ಮುಂದಿನ ವರ್ಷದಿಂದ ಹಳೆಯ ಗಾಡಿಗಳನ್ನು ಸೇರಿಸುವುದಿಲ್ಲವಂತೆ. ಹೊಸ ಗಾಡಿ ಕೊಳ್ಳುವ ಯೋಗ್ಯತೆ ಇವನಿಗಿಲ್ಲ. ಅಲ್ಲಿಗೆ ಇದೇ ಕೊನೆಯ ಸಲ.

“ಈ ಸಲ ಹತ್ತಿಯೇ ತೀರುತ್ತೇನೆ ಕಣೇ,” ಅಂದ ಹೆಂಡತಿಗೆ.

“ನಾನೂ ಮೇಲೆ ಕಾದೇ ಕಾಯುತ್ತೇನೆ, ಹೋಗಿ,” ಅಂದಳು ಅವಳು.

ಕ್ಲಚ್ಚಿನ ಪ್ಲೇಟುಗಳು ಸವೆದಿದ್ದವು. ಪಂದ್ಯದ ಹಿಂದಿನ ದಿನ ಅಂಗಡಿಗೆ ಬೇಗ ಬಾಗಿಲು ಹಾಕಿದ. ಮನೆಯ ಜಗಲಿಯಲ್ಲಿ ಹೆಂಡತಿಯ ಹಳೆಯ ಸೀರೆಯೊಂದನ್ನು ಹಾಸಿದ. ಮನೆಯಲ್ಲಿ ಎಣ್ಣೆಯ ಕೆಲಸಕ್ಕೆಲ್ಲ ಅದೇ ಸೀರೆ. ಗಾಡಿಯ ಬದಿಯ ಮುಚ್ಚಳ ಬಿಚ್ಚಿ, ಹಳೆಯ ಪ್ಲೇಟು ತೆಗೆದು, ಕಾರ್ಬುರೇಟರನ್ನೂ ಬಿಡಿಸಿ ಪೆಟ್ರೋಲಿನಲ್ಲಿ ತೊಳೆದ. ಬಿಚ್ಚಿದ್ದನ್ನು ಬಿಚ್ಚಿದ ಸಾಲಿನಲ್ಲೇ ಸೀರೆಯ ಮೇಲೆ ಇಟ್ಟ. ಎರಡು ಸಲ ಪೆಟ್ಟು ತಿಂದವನಲ್ಲವೇ, ಈ ಸಲ ಅವಸರ ಮಾಡಲಿಲ್ಲ. ಪಂದ್ಯದ ದಿನ ಬೆಳಕು ಹರಿಯುತ್ತಲೇ ಎದ್ದು, ಹೊಸ ಪ್ಲೇಟು ಹಾಕಿ, ಒಂದೊಂದನ್ನೇ ಒರೆಸಿ ಜೋಡಿಸಿದ. ಹೆಂಡತಿ ಬುತ್ತಿ ಕಟ್ಟಿಕೊಂಡು ಮೊದಲ ಬಸ್ಸಿಗೇ ಬೆಟ್ಟದ ಮೇಲಕ್ಕೆ ಹೋಗಿಯಾಗಿತ್ತು.

ಕೆಲಸ ಮುಗಿಯಿತು. ಒಂದೇ ಕಿಕ್ಕಿಗೆ ಗಾಡಿ ಎದ್ದಿತು. ಆಹಾ, ಏನು ಸದ್ದು! ಒಂದಿಷ್ಟೂ ತೊದಲಿಲ್ಲ. ಬೇಕರಿಯವನ ಕಣ್ಣಲ್ಲಿ ನೀರೇ ಬಂತು. ಗಾಡಿ ನಿಲ್ಲಿಸಿ, ಸೀರೆ ಮಡಚೋಣ ಅಂತ ಎತ್ತಿ ಕೊಡವಿದ. ಠಣ್ ಅಂತ ಏನೋ ನೆಲಕ್ಕೆ ಬಿತ್ತು.

ಒಂದು ವಾಷರ್. ತೆಳ್ಳಗೆ, ಉಗುರಿನಷ್ಟಗಲ.

ಅವನು ಅದನ್ನು ಹೆಕ್ಕಿ ಅಂಗೈಯ ಮೇಲೆ ಇಟ್ಟುಕೊಂಡ.

ಪಕ್ಕದ ಹಣ್ಣಿನ ಅಂಗಡಿಯವನು ಜೊತೆಗೆ ಹೋಗಲು ಬಂದು ನಿಂತಿದ್ದ. “ಏನಯ್ಯಾ, ದೆವ್ವ ಕಂಡವನ ಹಾಗೆ ನಿಂತೆ?” ಅಂದ.

“ಇದು ಉಳಿದುಬಿಟ್ಟಿದೆ.”

“ಉಳಿದರೆ ಉಳಿಯಲಿ ಬಿಡು. ಗಾಡಿ ಹಾಡ್ತಾ ಇದೆ, ನನ್ನ ಕಿವಿಯಾರೆ ಕೇಳಿದೆ. ಅದನ್ನ ಮೋರಿಗೆ ಬಿಸಾಕಿ ಹೊರಡು. ಈಗ ಹೊರಟರೆ ಸರಿಹೋಗುತ್ತೆ.”

“ಮೊದಲ ಸಲ ಜೇಬಿಗೆ ಹಾಕಿಕೊಂಡ ಕ್ಲಿಪ್ಪೂ ಇಷ್ಟೇ ಇತ್ತು.”

“ಲೋ, ಈಗ ಮತ್ತೆ ಬಿಚ್ಚಿದರೆ ನಿನ್ನ ಹೆಸರು ಕೂಗೋ ಹೊತ್ತಿಗೆ ನೀನು ಇಲ್ಲೇ ಪಾನಾ ಹಿಡಕೊಂಡು ಕೂತಿರ್ತೀಯ! ಇದೇ ಕೊನೇ ವರ್ಷ ಅಂತ ನೀನೇ ತಾನೆ ಬಡ್ಕೊಂಡಿದ್ದು?”

ಬೇಕರಿಯವನಿಗೂ ಅದು ಗೊತ್ತು. ಗಾಡಿಯನ್ನು ನೋಡಿದ, ವಾಷರನ್ನು ನೋಡಿದ. ಹೊರಟುಬಿಡಲು ಕಾಲು ತುಡಿಯುತ್ತಿತ್ತು. ಆದರೆ ಆ ಚೂರು ಯಾವ ಜಾಗದ್ದು ಅಂತ ತಿಳಿಯದೆ ಹೊರಟರೆ ಪ್ರತಿ ತಿರುವಿನಲ್ಲೂ ಎದೆ ಹೊಡೆದುಕೊಳ್ಳುತ್ತದೆ ಅನ್ನುವುದೂ ಅವನಿಗೆ ಗೊತ್ತಿತ್ತು. ಮೇಲೆ ಕಾಯುತ್ತಿರುವವಳಿಗೆ ಒಂದು ಮಾತು ತಿಳಿಸೋಣ ಅಂದರೆ ಬೆಟ್ಟದ ಮೇಲೆ ಫೋನು ಹಿಡಿಯುವುದಿಲ್ಲ.

“ನೀನು ಹೋಗಿರು,” ಅಂದ.

ಹಣ್ಣಿನವನು ತಲೆ ಚಚ್ಚಿಕೊಂಡು ಹೋದ.

ಬೇಕರಿಯವನು ಸೀರೆಯನ್ನು ಮತ್ತೆ ಹಾಸಿದ. ಆಯಿಲ್ ಇಳಿಸಿದ. ಮುಚ್ಚಳ ಬಿಚ್ಚಿದ. ಆಯಿಲ್ ಸೋರದಂತೆ ಒಳಗೆ ಕೂರಿಸಿದ್ದ ಪ್ಯಾಕಿಂಗ್ ಹರಿಯದ ಹಾಗೆ ಮೆಲ್ಲಗೆ ಬಿಡಿಸಿದ. ಪ್ಲೇಟು, ಸ್ಪ್ರಿಂಗು, ಬೋಲ್ಟು, ಎಲ್ಲ ಹೊರಗೆ ಬಂದವು. ಒಂದೊಂದು ಬೋಲ್ಟಿನ ತಳದಲ್ಲೂ ಬೆರಳಾಡಿಸಿದ. ಇರಬೇಕಾದ ವಾಷರ್ ಇತ್ತು. ಗೇರಿನ ಕಡೆ ನೋಡಿದ, ಅಲ್ಲೂ ಇತ್ತು. ಕಾರ್ಬುರೇಟರ್ ಬಿಡಿಸಿದ. ಅಲ್ಲೂ ಎಲ್ಲ ಸರಿಯಾಗಿತ್ತು. ದೂರದಲ್ಲಿ, ಬೆಟ್ಟದ ಕಡೆಯಿಂದ, ಒಂದರ ಹಿಂದೆ ಒಂದು ಗಾಡಿ ಹತ್ತುವ ಸದ್ದು ಬರತೊಡಗಿತು. ಪಂದ್ಯ ಶುರುವಾಗಿತ್ತು. ಅವನು ಕೊನೆಯ ತಿರುಪಿನವರೆಗೂ ನೋಡಿದ. ಆ ವಾಷರಿಗೆ ಗಾಡಿಯಲ್ಲಿ ಎಲ್ಲೂ ಜಾಗವೇ ಇರಲಿಲ್ಲ. ಇಡೀ ಗಾಡಿಯಲ್ಲಿ ಒಂದು ಚೂರೂ ಕಡಮೆಯಾಗಿರಲಿಲ್ಲ.

ಹಾಗಾದರೆ ಇದು ಎಲ್ಲಿಯದು? ಗೊತ್ತಾಗಲಿಲ್ಲ. ತನ್ನ ಗಾಡಿಯದಲ್ಲ ಅಂತ ಮಾತ್ರ ಗೊತ್ತಾಯಿತು. ಅದನ್ನು ಜೇಬಿಗೆ ಹಾಕಿಕೊಂಡು, ಗಾಡಿಯನ್ನು ಮತ್ತೆ ಜೋಡಿಸಿ, ಆಯಿಲ್ ತುಂಬಿಸಿ ಹೊರಟ.

ಬೆಟ್ಟದ ಬುಡ ತಲುಪುವ ಹೊತ್ತಿಗೆ ಜನ ಚದುರಿದ್ದರು. ಬ್ಯಾನರ್ ಬಿಚ್ಚುತ್ತಿದ್ದರು. ರಸ್ತೆಗೆ ಅಡ್ಡ ಕಟ್ಟಿದ್ದ ಹಗ್ಗ ತೆಗೆದು ಬಸ್ಸುಗಳನ್ನು ಬಿಟ್ಟಾಗಿತ್ತು.

“ಎಲ್ಲಿ ಹೋಗಿದ್ಯೋ ಮಾರಾಯ? ನಿನ್ನ ಹೆಸರು ಕೂಗಿ ಕೂಗಿ ನನ್ನ ಗಂಟಲೇ ಬಿದ್ದುಹೋಯ್ತು,” ಅಂದ ಪಂದ್ಯ ನಡೆಸುವ ಯಜಮಾನ.

“ಈಗ ಹತ್ತಲಾ ಸ್ವಾಮಿ? ಹೊತ್ತು ಬರ್ಕೊಳ್ತೀರಾ?”

“ಏನು ಬರ್ಕೊಳ್ಳಲಿ? ಎಲ್ಲ ಕಟ್ಟಿಟ್ಟಾಯ್ತು. ರಸ್ತೆ ಇದೆ, ಬೇಕಾದ್ರೆ ಹತ್ತಿಕೋ.”

ಬೇಕರಿಯವನು ಅಳಲಿಲ್ಲ. ಹಲ್ಲು ಕಚ್ಚಿ ಗೇರು ಹಾಕಿದ.

ಹೊರಟ. ಮುಂದೆ ಒಂದು ಬಸ್ಸು ಹೊಗೆ ಬಿಡುತ್ತ ಏರುತ್ತಿತ್ತು, ಅದನ್ನು ದಾಟಿದ. ಮೊದಲ ವರ್ಷ ಚೈನು ಬಿದ್ದ ತಿರುವು ಬಂತು, ದಾಟಿದ. ಆಯಿಲ್ ಸೋರಿ ಗಾಡಿ ನಿಂತುಹೋದ ಬಂಡೆ ಬಂತು, ಅದನ್ನೂ ದಾಟಿದ. ಎಷ್ಟು ದೂರ ಬಂದೆ ಅಂತ ನೋಡಲಿಲ್ಲ. ಚಪ್ಪಾಳೆಗೆ ಒಬ್ಬನೂ ಇರಲಿಲ್ಲ. ಎದುರಿನಿಂದ ಇಳಿದು ಬರುತ್ತಿದ್ದ ಸವಾರರು, “ಓಹೋ, ಅರ್ಧಬೆಟ್ಟ ಈಗ ಹೊರಟ ನೋಡ್ರೋ!” ಅಂತ ಕೂಗಿ ನಕ್ಕರು. ಅವನು ಆಕ್ಸಿಲರೇಟರ್ ಸಡಿಲಿಸಲಿಲ್ಲ. ಕಡೆಯ ಏರು ಏರಿ ತುದಿ ಮುಟ್ಟಿದ.

ತುದಿಯಲ್ಲಿ ಎಲ್ಲರೂ ಇಳಿದುಹೋಗಿದ್ದರು. ಮೈಲಿಗಲ್ಲಿನ ಮೇಲೆ ಹೆಂಡತಿ ಒಬ್ಬಳೇ ಬುತ್ತಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಗಾಡಿ ಕಂಡದ್ದೇ ತಡ, ಸೆರಗು ಸಿಕ್ಕಿಸಿ ಓಡಿ ಬಂದಳು.

“ಬಂದ್ರಾ! ಅಯ್ಯೋ ಬಂದೇಬಿಟ್ರಲ್ಲ!” ಅಂತ ಗಾಡಿಯ ಹ್ಯಾಂಡಲ್ಲನ್ನೇ ಹಿಡಿದುಕೊಂಡಳು. ಆಮೇಲೆ ಅವಳಿಗೆ ನೆನಪಾಯಿತು. “ಇಷ್ಟು ಹೊತ್ತು ಏನಾಗಿತ್ತು? ನನ್ನ ಜೀವ ಹೋಗಿ ಬಂತು.”

ಅವನು ನಡೆದದ್ದನ್ನು ಹೇಳಿ ಜೇಬಿನಿಂದ ವಾಷರ್ ತೆಗೆದು ತೋರಿಸಿದ. ಅವಳು ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು. ಮುಖ ಬಿಳಿಚಿಕೊಂಡಿತು.

“ಇದು ನನ್ನ ಹೊಲಿಗೆ ಮಿಷಿನ್ನಿಂದು ಕಣ್ರೀ. ಮೊನ್ನೆ ಅದೇ ಸೀರೆ ಮೇಲೆ ಬಿಚ್ಚಿ ಎಣ್ಣೆ ಬಿಟ್ಟಿದ್ದೆ. ನಿನ್ನೆಯಿಂದ ದಾರ ಸಿಕ್ಕಾಕ್ಕೊಳ್ತಿದೆ, ಯಾಕೆ ಅಂತ ಗೊತ್ತಾಗಿರಲಿಲ್ಲ. ನನ್ನಿಂದ ನಿಮ್ಮ ಪಂದ್ಯ ಹಾಳಾಯ್ತಲ್ಲ!” ಅಂತ ಹಣೆ ಬಡಿದುಕೊಂಡು ಅತ್ತಳು.

ಅವನಿಗೆ ಸಂಕಟವಾಯಿತು. ಆಗದೆ ಇರುತ್ತದೆಯೇ? ಬೆಳಿಗ್ಗೆ ಆ ಚೂರನ್ನು ಮೋರಿಗೆ ಎಸೆದಿದ್ದರೆ ಇಷ್ಟು ಹೊತ್ತಿಗೆ ಪಟ್ಟಿಯಲ್ಲಿ ಹೆಸರಿರುತ್ತಿತ್ತು. ಗಾಡಿಯಿಂದ ಇಳಿದು ಮೈಲಿಗಲ್ಲಿನ ಮೇಲೆ ಕೂತ. ಕೆಳಗೆ ಊರು ಕಾಣುತ್ತಿತ್ತು. ಅಲ್ಲಿ ಕೂತು ಊರನ್ನು ನೋಡುತ್ತಿರುವುದು ಅದೇ ಮೊದಲು ಅಂತ ಆಗ ಅವನಿಗೆ ಹೊಳೆಯಿತು.

“ಅಳಬೇಡ. ಬುತ್ತಿ ಬಿಚ್ಚು, ಹಸಿವಾಗ್ತಿದೆ,” ಅಂದ.

“ನನ್ನ ಮೇಲೆ ಸಿಟ್ಟು ಬರಲಿಲ್ವಾ?”

“ಬಂತು, ಹೋಯ್ತು. ಒಂದು ಮಾತು ಹೇಳ್ಲಾ? ಎರಡು ವರ್ಷ ಎಂಜಿನ್ ಕಡೆನೇ ಕಿವಿ ಇಟ್ಟು ಹತ್ತಿದ್ದೆ. ಯಾವಾಗ ಏನು ಕಳಚುತ್ತೋ ಅಂತ. ಇವತ್ತು ಒಂದೇ ಒಂದು ಸಲವೂ ಆ ಕಡೆ ಗಮನ ಹೋಗಲಿಲ್ಲ ಕಣೇ. ರಸ್ತೆ ಬಿಟ್ಟು ಬೇರೇನೂ ಕಾಣಲಿಲ್ಲ.”

ಇಬ್ಬರೂ ಊಟ ಮಾಡಿದರು. ಒಂದೇ ಗಾಡಿಯಲ್ಲಿ ಇಳಿದು ಬಂದರು. ಅವನು ಕೈ ತೊಳೆಯುವ ಮುಂಚೆಯೇ ಆ ವಾಷರನ್ನು ಹೊಲಿಗೆ ಮಿಷಿನ್ನಿಗೆ ಹಾಕಿಕೊಟ್ಟ. ಊರಿನವರು ಅವನನ್ನು ಅರ್ಧಬೆಟ್ಟ ಅಂತಲೇ ಕರೆಯುತ್ತಿದ್ದರು. ಅವನು ಖಾರಾ ತೂಗಿ ಕೊಡುತ್ತಲೇ ಇದ್ದ. ಹೊಟ್ಟೆ ಮಾತ್ರ ಉರಿಯುತ್ತಿರಲಿಲ್ಲ.

ಗುರುಗಳು ಕತೆ ನಿಲ್ಲಿಸಿ ಸಿಪ್ಪೆಯನ್ನು ಒಂದು ಕಡೆಗೆ ಒಟ್ಟಿದರು.

ಗುರುಮಲ್ಲನಿಗೆ ತಡೆಯಲಾಗಲಿಲ್ಲ. “ಇದೇನು ಕತೆ ಬುದ್ಧೀ! ಆ ವಾಷರ್ ಅವನ ಗಾಡಿಯದೇ ಅಲ್ಲ. ಬಿಸಾಕಿ ಹೋಗಿದ್ದರೂ ತುದಿ ಮುಟ್ಟುತ್ತಿದ್ದ, ಹೆಸರೂ ಉಳಿಯುತ್ತಿತ್ತು. ತನ್ನದಲ್ಲದ ಚೂರಿಗೋಸ್ಕರ ಇಡೀ ಗಾಡಿ ಬಿಚ್ಚಿ ಕೂತು ಕೆಟ್ಟನಲ್ಲ!”

ಗುರುಗಳು ಮೊರವನ್ನು ಎತ್ತಿಕೊಂಡು ಎದ್ದರು.

“ಬಿಚ್ಚಿ ನೋಡದೆ, ಅದು ತನ್ನದಲ್ಲ ಅಂತ ಅವನಿಗೆ ಹೇಳುವವರು ಯಾರಿದ್ದರೋ ಗುರುಮಲ್ಲ?”

ಗುರುಮಲ್ಲ ಕೈಯಲ್ಲಿದ್ದ ಕಾಯಿಯನ್ನು ಸುಲಿಯದೆ ಹಾಗೇ ಹಿಡಿದುಕೊಂಡು ಕೂತ.