ಕುಪ್ಪಯ್ಯನ ಗೂಟ

ನುಸಿಕೋಡಿ ಅಂತ ಒಂದು ಊರು. ಹೊಳೆ ಸಮುದ್ರಕ್ಕೆ ಸೇರೋ ಅಳಿವೆ ಹತ್ರ ಇದೆ. ಅಲ್ಲಿ ಸಂತೆಗೆ ಹೋಗೋಕೂ ದೋಣಿ, ಆಸ್ಪತ್ರೆಗೆ ಹೋಗೋಕೂ ದೋಣಿ, ಹೆಣ್ಣು ನೋಡೋಕೆ ಹೋಗೋಕೂ ದೋಣಿ. ನಗಬೇಡಿ ಮಕ್ಕಳೇ. ನಿಮ್ಮಜ್ಜೀನ ನೋಡೋಕೆ ನಾನು ಹೋಗಿದ್ದೂ ದೋಣೀಲೇ. ಎದುರು ಗಾಳಿ, ಒಬ್ಬನೇ ಹುಟ್ಟು ಹಾಕ್ಕೊಂಡು ಹೋಗಿದ್ದೆ. ನಿಮ್ಮಪ್ಪಂದಿರಿಗೆ ಆಗುತ್ತಾ ಅದು? ಇರ್ಲಿ, ಕಥೆ ಕೇಳಿ.

ದೋಣಿ ಅಂದ್ಮೇಲೆ ಕಟ್ಟೋಕೆ ಗೂಟ ಬೇಕಲ್ಲ. ಆ ಊರಲ್ಲಿ ದಡದ ಉದ್ದಕ್ಕೂ ಗೂಟಾನೇ ಗೂಟ. ಒಂದೊಂದೂ ಒಂದೊಂದು ಮನೇದು. ಅಜ್ಜ ಹೊಡೆದಿದ್ದು, ಅಪ್ಪ ಕಟ್ಟಿದ್ದು, ಮಗ ಕಟ್ಟೋದು. ಒಬ್ಬರ ಗೂಟಕ್ಕೆ ಇನ್ನೊಬ್ಬರು ಹಗ್ಗ ಹಾಕೋ ಹಾಗಿಲ್ಲ. ಹಗ್ಗ ಬಿಡಿ, ಕೈ ಮುಟ್ಟೋ ಹಾಗಿಲ್ಲ. ಮುಟ್ಟಿದ್ರೆ ಮನೆಯೊಳಗೆ ಬಂದು ಅನ್ನದ ಪಾತ್ರೆಗೆ ಕೈ ಹಾಕಿದ ಹಾಗೆ. ಇದೇ ವಿಷಯಕ್ಕೆ ಹಿಂದೆ ಇಬ್ಬರು ಗಂಡಸರು ಹುಟ್ಟು ಹಿಡ್ಕೊಂಡು ಬಡಿದಾಡಿ ತಲೆ ಒಡ್ಕೊಂಡಿದ್ರು. ಅವರಿಬ್ಬರೂ ಸತ್ತು ಹೋದ್ರು, ಅವರ ಮಕ್ಕಳೂ ಒಬ್ಬರಿಗೊಬ್ಬರು ಮಾತಾಡ್ತಿರಲಿಲ್ಲ.

ಆ ಮಕ್ಕಳಲ್ಲಿ ಒಬ್ಬ ಕುಪ್ಪಯ್ಯ, ಇನ್ನೊಬ್ಬ ಶನಿಯಾರ.

ಕುಪ್ಪಯ್ಯನ ಗೂಟ ಸಾಲಿನಲ್ಲೇ ಮೊದಲನೇದು. ಒಳ್ಳೆ ನೀರು, ಗಟ್ಟಿ ಮರಳು. ದೋಣಿಯಿಂದ ಇಳಿದ್ರೆ ಕಾಲಿಗೆ ಕೆಸರು ಮೆತ್ತಲ್ಲ. ಅದರಾಚೆ ಬರೀ ಕೆಸರು. ಗೂಟ ಇಲ್ಲದವರು ಆ ಕೆಸರಲ್ಲೇ ಇಳೀಬೇಕು. ಮಾಸ್ತಮ್ಮ ಅಂತ ಒಬ್ಬಳಿದ್ಲು. ಗಂಡ ಹೋದ, ಗಂಡನ ಗೂಟ ಮೈದುನಂದಾಯ್ತು. ಒಂದು ಚಿಕ್ಕ ದೋಣಿ ಉಳೀತು ಅವಳಿಗೆ. ಹೊಳೇಲಿ ಮುಳುಗಿ ಬಳಚು, ಅಂದ್ರೆ ಚಿಪ್ಪುಮೀನು, ಹೆಕ್ಕೋಳು, ಚಿಪ್ಪು ಬಿಡಿಸಿ ಮಾರೋಳು. ದಿನಾ ಬುಟ್ಟಿ ತಲೆ ಮೇಲೆ ಇಟ್ಕೊಂಡು, ಮೊಣಕಾಲು ತನಕ ಹೂತ್ಕೊಂಡು, ಆ ಕೆಸರು ದಾಟೋಳು. ಬಾಯಿ ಮಾತ್ರ ಚೂರಿ.

ಕುಪ್ಪಯ್ಯ ಕೆಟ್ಟವನಲ್ಲ, ಅದನ್ನ ಮೊದಲೇ ಹೇಳ್ಬಿಡ್ತೀನಿ. ಪಂಚಾಯ್ತಿ ಅಧ್ಯಕ್ಷ ಆಗಿದ್ದ. ಊರಿಗೆ ಒಂದು ಧಕ್ಕೆ ಕಟ್ಟಿಸಬೇಕು ಅಂತ ಅವನಿಗೆ ಹುಚ್ಚು. ಧಕ್ಕೆ ಅಂದ್ರೆ ಗೊತ್ತಲ್ಲ, ನೀರಿನ ಅಂಚಿಗೆ ಕಲ್ಲು ಕಟ್ಟಿ, ಮೆಟ್ಟಿಲು ಮಾಡಿ, ದೋಣಿ ಬಂದು ನಿಲ್ಲೋ ಹಾಗೆ ಮಾಡೋದು. ಆದ್ರೆ ಹೊಳೆ ಅಪ್ಪನ ಮನೆ ಆಸ್ತಿ ಅಲ್ಲ. ಸರ್ಕಾರದ ಲೈಸನ್ಸು ಇಲ್ದೆ ನೀರಿಗೆ ಒಂದು ಕಲ್ಲು ಇಡೋ ಹಾಗಿಲ್ಲ. ಕುಪ್ಪಯ್ಯ ಆಫೀಸಿಗೆ ಓಡಾಡಿದ, ಓಡಾಡಿದ, ಚಪ್ಪಲಿ ಸವೆದು ಹಿಮ್ಮಡಿ ನೆಲಕ್ಕೆ ತಾಗ್ತು. ಕೊನೆಗೂ ಬಂತು ಲೈಸನ್ಸು. ನುಸಿಕೋಡಿ ಪಂಚಾಯ್ತಿ ಸಾರ್ವಜನಿಕ ಧಕ್ಕೆ ಕಟ್ಟಬಹುದು, ಕಲ್ಲು ಸಿಮೆಂಟು ಸರ್ಕಾರದ್ದು ಅಂತ. ಪಟಾಕಿ ಹೊಡೆದ್ರು. ಕುಪ್ಪಯ್ಯ ಆ ಕಾಗದಕ್ಕೆ ಪ್ಲಾಸ್ಟಿಕ್ ಹಾಕಿಸಿ ಬಗಲಲ್ಲಿ ಇಟ್ಕೊಂಡು ತಿರುಗಿದ. ಕ್ಷೌರಕ್ಕೆ ಹೋದಾಗಲೂ ಕೈಲಿ ಅದೇ.

ಬಂದರಿನ ಸಾಹೇಬ್ರು ಒಂದು ದಿನ ಬಂದು ದಡ ನೋಡಿದ್ರು. ಅಳತೆ ಹಿಡಿದ್ರು. ಆಮೇಲೆ ಅಂದ್ರು, "ಜಾಗ ಇದೇ ಸರಿ. ಆದ್ರೆ ಇಷ್ಟೊಂದು ಗೂಟ ಇದ್ರೆ ಕಲ್ಲು ಕೂರಿಸೋದು ಎಲ್ಲಿ? ಒಂದೂ ಇರಬಾರದು. ಹುಣ್ಣಿಮೆ ಕಳೆದ ಮಾರನೇ ದಿನ ಬರ್ತೀನಿ. ಖಾಲಿ ಇದ್ರೆ ಕೆಲಸ ಶುರು. ಇಲ್ದಿದ್ರೆ ನಿಮ್ಮ ಲೈಸನ್ಸು ರದ್ದು. ಆಚೆ ದಡದವರು ಕಾಯ್ತಾ ಕೂತಿದ್ದಾರೆ."

"ಅಯ್ಯೋ, ಅಷ್ಟೇನಾ ಸಾಹೇಬ್ರೇ" ಅಂದ ಕುಪ್ಪಯ್ಯ. "ನಾಳೆನೇ ಕೀಳಿಸ್ತೀನಿ."

ಅವತ್ತೇ ಮೀಟಿಂಗು ಕರೆದ. ಎಲ್ಲರೂ ಬಂದ್ರು. ಚಾ ಕುಡಿದ್ರು. "ಧಕ್ಕೆ ಬೇಕಾ?" "ಬೇಕು!" "ಗೂಟ ಕೀಳ್ತೀರಾ?" "ಕೀಳ್ತೀವಿ!" ಕೈ ಎತ್ತಿದ್ರು, ಮನೆಗೆ ಹೋದ್ರು.

ಒಬ್ಬನೂ ಕೀಳಲಿಲ್ಲ.

ಯಾಕೆ ಅಂದ್ರೆ, ಪ್ರತಿಯೊಬ್ಬನೂ ಬೆಳಿಗ್ಗೆ ಎದ್ದು ಪಕ್ಕದವನ ಗೂಟ ನೋಡೋನು. ಅವನದು ಇದೆ, ನಂದು ಯಾಕೆ ಕೀಳಲಿ ಅನ್ನೋನು. ನಾಳೆ ಧಕ್ಕೆ ಆಗದೇ ಹೋದ್ರೆ? ಅವನಿಗೆ ಗೂಟ ಇರುತ್ತೆ, ನನಗೆ ಕೆಸರು.

ಕುಪ್ಪಯ್ಯ ದಡದಲ್ಲಿ ನಿಂತು ಬೈದ. "ಎಂಥ ಜನ ಮಾರಾಯ್ರೇ ನೀವು! ಊರಿನ ಕೆಲಸ ಅಂದ್ರೆ ಕೈ ಎತ್ತೋದು ಮಾತ್ರಾನಾ?"

ಕೆಸರಲ್ಲಿ ಬುಟ್ಟಿ ಹೊತ್ತು ಬರ್ತಿದ್ದ ಮಾಸ್ತಮ್ಮ ಅಲ್ಲೇ ನಿಂತ್ಲು. "ಅಧ್ಯಕ್ಷ್ರೇ, ನಿಮ್ಮ ಗೂಟ ಯಾವಾಗ ಕೀಳೋದು?"

"ನಂದು ತುದೀಲಿದೆ ಮಾಸ್ತಕ್ಕ. ಅಡ್ಡ ಏನಿಲ್ಲ. ಎಲ್ಲರದ್ದೂ ಆಗ್ಲಿ, ಕೊನೆಗೆ ನೋಡುವ."

"ಹೌದೌದು. ಪಂಚಾಯ್ತೀಲೂ ಗೂಟ ಹೊಡ್ಕೊಂಡು ಕೂತಿದ್ದೀರಿ, ಹೊಳೇಲೂ ಗೂಟ ಹೊಡ್ಕೊಂಡು ಕೂತಿದ್ದೀರಿ. ಧಕ್ಕೆ ಮಾತ್ರ ಬೇರೆಯವರ ಜಾಗದಲ್ಲಿ ಆಗ್ಬೇಕು."

ದಡದಲ್ಲಿದ್ದೋರೆಲ್ಲ ಕಿಸಕ್ ಅಂತ ನಕ್ಕರು. ಶನಿಯಾರ ಸ್ವಲ್ಪ ಜೋರಾಗೇ ನಕ್ಕ. ಕುಪ್ಪಯ್ಯ ಕಾಗದ ಬಗಲಿಗೆ ಸಿಕ್ಕಿಸ್ಕೊಂಡು ಮನೆಗೆ ಹೋದ. ಅವನಿಗೂ ಒಳಗೊಳಗೇ ಸಂಕಟ. ಆ ಗೂಟ ಅವನಪ್ಪ ಹೊಡೆದಿದ್ದು. ಮತ್ತಿ ಮರದ್ದು. ಕುಪ್ಪಯ್ಯ ಸಮುದ್ರದಿಂದ ಎಷ್ಟು ಹೊತ್ತಿಗೆ ಬಂದ್ರೂ ಕಣ್ಣು ಮುಚ್ಚಿ ಹಗ್ಗ ಎಸೀತಿದ್ದ, ಸರಿಯಾಗಿ ಅದಕ್ಕೇ ಬೀಳ್ತಿತ್ತು. ಅದನ್ನ ಕೀಳೋದು ಅಂದ್ರೆ ಅಪ್ಪನ ಕೈ ಬಿಡಿಸ್ಕೊಂಡ ಹಾಗೆ ಅನ್ನಿಸ್ತಿತ್ತು ಅವನಿಗೆ.

ಹೀಗೆ ದಿನ ಹೋಯ್ತು. ಹುಣ್ಣಿಮೆ ನಾಳೆ ಅನ್ನೋ ತನಕ ಬಂತು. ಗೂಟಗಳು ನಿಂತಿದ್ದಲ್ಲೇ ನಿಂತಿದ್ವು.

ಆ ಸಂಜೆ ಇಳಿತ. ಹುಣ್ಣಿಮೆ ಹತ್ರ ಬಂದ್ರೆ ನೀರು ತುಂಬಾ ಹಿಂದಕ್ಕೆ ಹೋಗುತ್ತೆ, ಕೆಸರು ಇನ್ನೂ ದೊಡ್ಡದಾಗುತ್ತೆ. ಮಾಸ್ತಮ್ಮ ಬುಟ್ಟಿ ತುಂಬ ಬಳಚು ಹೊತ್ತು ಇಳಿದ್ಲು. ನಾಲ್ಕು ಹೆಜ್ಜೆ ಹೋಗಿಲ್ಲ, ಕಾಲು ಹೂತು ಹೋಯ್ತು. ಮೊಣಕಾಲು ಹೋಯ್ತು, ತೊಡೆ ಹೋಯ್ತು, ಸೊಂಟಕ್ಕೆ ಬಂತು. ಬುಟ್ಟಿ ಉರುಳ್ತು. ಕೈಗೆ ಸಿಕ್ಕಿದ್ದು ಒಂದೇ, ಪಕ್ಕದಲ್ಲಿದ್ದ ಕುಪ್ಪಯ್ಯನ ಗೂಟ. ಎರಡೂ ಕೈಲಿ ತಬ್ಕೊಂಡು ಕೂಗಿದ್ಲು.

ಕುಪ್ಪಯ್ಯ ದೋಣೀಲಿ ಬಲೆ ಮಡಚ್ತಾ ಕೂತಿದ್ದ. ತಿರುಗಿ ನೋಡಿದ. ಮನುಷ್ಯರು ಮುಳುಗ್ತಿದ್ದಾರೆ ಅಂತ ಅವನ ಕಣ್ಣಿಗೆ ಮೊದಲು ಬೀಳಲಿಲ್ಲ ನೋಡಿ. ಅವನ ಬಾಯಿಂದ ಬಂದಿದ್ದು ಏನು ಗೊತ್ತಾ?

"ಏಯ್! ಗೂಟ ಮುಟ್ಟಬೇಡ!"

ಮಾಸ್ತಮ್ಮ ತಲೆ ಎತ್ತಿದ್ಲು. ಮುಖದ ತುಂಬ ಕೆಸರು, ಕಣ್ಣು ಮಾತ್ರ ಕಾಣ್ತಿತ್ತು.

"ಆಯ್ತು ಅಧ್ಯಕ್ಷ್ರೇ" ಅಂದ್ಲು. "ಮುಟ್ಟಲ್ಲ. ಮುಳುಗ್ತೀನಿ."

ಕೈ ಬಿಟ್ಲು! ಹಠಮಾರಿ ಹೆಂಗಸು, ನಿಜಕ್ಕೂ ಕೈ ಬಿಟ್ಲು.

ಕುಪ್ಪಯ್ಯ ದೋಣಿಯಿಂದ ಕೆಸರಿಗೆ ಹಾರಿದ. ಅವನೂ ಹೂತ. ಒಂದು ಕೈಲಿ ಗೂಟ ಹಿಡ್ಕೊಂಡು, ಇನ್ನೊಂದು ಕೈಲಿ ಅವಳ ರಟ್ಟೆ ಹಿಡ್ಕೊಂಡು, ಎಳೆದ ನೋಡಿ, ಉಸಿರು ಕಟ್ಟಿ ಎಳೆದ. ಇಬ್ಬರೂ ಕೆಸರಿನ ಗೊಂಬೆಗಳ ಹಾಗೆ ಮರಳಿಗೆ ಬಂದು ಬಿದ್ರು. ಅವಳಿಗೆ ಏದುಸಿರು. ಕುಪ್ಪಯ್ಯನ ಬಾಯಿಂದ ಬಂದ ಮಾತು ಅವನ ಕಿವೀಲೇ ಗುಂಯ್ ಅಂತಿತ್ತು. ಆಮೇಲೆ ಎದ್ದು, ಬಿದ್ದ ಬಳಚನ್ನ ಹೆಕ್ಕಿ ಬುಟ್ಟಿಗೆ ತುಂಬಿ, ಅವಳ ಮನೆ ಬಾಗಿಲ ತನಕ ಹೊತ್ಕೊಂಡು ಹೋಗಿ ಇಟ್ಟ.

"ಮಾಸ್ತಕ್ಕ" ಅಂದ.

"ಎಂತ?"

"ಏನಿಲ್ಲ. ನಾಳೆ ಬೆಳಿಗ್ಗೆ ದಡಕ್ಕೆ ಬಾ."

ಮಾರನೇ ದಿನ ಬೆಳಕು ಹರೀತಿದ್ದ ಹಾಗೆ ಮತ್ತೆ ಇಳಿತ. ಊರಿನವರು ಬಂದು ನೋಡ್ತಾರೆ, ಕುಪ್ಪಯ್ಯ ತನ್ನ ಗೂಟದ ಬುಡಕ್ಕೆ ದಪ್ಪ ಹಗ್ಗ ಸುತ್ತಿ, ಇನ್ನೊಂದು ತುದೀನ ದೋಣಿಗೆ ಬಿಗಿದು, ದೋಣೀಲಿ ಕೂತಿದ್ದಾನೆ. ಒಂದು ಗೇಣೂ ಸಡಿಲ ಬಿಟ್ಟಿಲ್ಲ. ದೋಣಿಯವರಿಗೆಲ್ಲ ಗೊತ್ತಾಯ್ತು ಏನು ಮಾಡ್ತಿದ್ದಾನೆ ಅಂತ. ಹೂತ ಗೂಟಾನ ಮನುಷ್ಯ ಕೀಳೋಕಾಗಲ್ಲ. ನಾನಾಗಿದ್ರೆ ಕೀಳ್ತಿದ್ದೆ, ಅದು ಬೇರೆ ಮಾತು. ಆದ್ರೆ ಉಬ್ಬರ ಕೀಳುತ್ತೆ. ನೀರು ಏರಿದ ಹಾಗೆ ದೋಣಿ ಏಳುತ್ತೆ, ದೋಣಿ ಎದ್ರೆ ಗೂಟಾನ ಎಳೆಯುತ್ತೆ. ಒಂದೋ ಗೂಟ ಬರುತ್ತೆ, ಇಲ್ಲ ದೋಣಿ ಮಗುಚುತ್ತೆ.

ನೀರು ಏರ್ತು. ಹಗ್ಗ ಕಿರ್ ಅಂತು. ಗೂಟ ಅಲ್ಲಾಡಲಿಲ್ಲ. ಕುಪ್ಪಯ್ಯನ ಅಪ್ಪ ಹೊಡೆದಿದ್ದು ತಮಾಷೆಗಲ್ಲ. ನೀರು ಇನ್ನೂ ಏರ್ತು. ದೋಣಿ ಒಂದು ಪಕ್ಕಕ್ಕೆ ವಾಲ್ತು. ಅಂಚಿನಿಂದ ನೀರು ಒಳಗೆ ಇಣುಕೋಕೆ ಶುರುವಾಯ್ತು.

"ಹಗ್ಗ ಕಡಿ ಕುಪ್ಪಯ್ಯಾ!" ಅಂತ ದಡದಿಂದ ಕೂಗಿದ್ರು. "ದೋಣಿ ಹೋಗುತ್ತೆ!"

"ಹೋದ್ರೆ ಹೋಗ್ಲಿ!"

ಅಷ್ಟು ಜನ ಗಂಡಸರು ನಿಂತಿದ್ರು, ಒಬ್ಬನೂ ಮುಂದೆ ಬರಲಿಲ್ಲ. ಹೆದರಿ ಅಲ್ಲ. ಬೇರೆಯವರ ಗೂಟ, ಮುಟ್ಟೋ ಹಾಗಿಲ್ಲವಲ್ಲ. ಕೈ ಹಿಂದೆ ಕಟ್ಕೊಂಡು ನಿಂತಿದ್ರು. ಆಗ ಮಾಸ್ತಮ್ಮ ತನ್ನ ಚಿಕ್ಕ ದೋಣಿ ತಳ್ಕೊಂಡು ಹತ್ರ ಬಂದು ಕೇಳಿದ್ಲು.

"ಅಧ್ಯಕ್ಷ್ರೇ, ನಿನ್ನೆ ಮುಟ್ಟಬೇಡ ಅಂದ್ರಿ. ಇವತ್ತು ಎಂತ?"

ಕುಪ್ಪಯ್ಯ ಒಂದು ಸಲ ಗೂಟ ನೋಡಿದ, ಒಂದು ಸಲ ದಡ ನೋಡಿದ. ಆಮೇಲೆ ಇಡೀ ಹೊಳೆಗೆ ಕೇಳೋ ಹಾಗೆ ಕೂಗಿದ.

"ಮುಟ್ಟಿ! ಎಲ್ಲರೂ ಮುಟ್ಟಿ! ಹಗ್ಗ ಹಾಕಿ ಮಾರಾಯ್ರೇ!"

ಮೊದಲು ಬಂದಿದ್ದು ಯಾರು ಗೊತ್ತಾ? ಶನಿಯಾರ. ತನ್ನ ದೋಣೀನ ಇನ್ನೊಂದು ಪಕ್ಕಕ್ಕೆ ತಂದು, ಕುಪ್ಪಯ್ಯನ ಗೂಟಕ್ಕೆ ಹಗ್ಗ ಬಿಗಿದ. ಯಾವ ಕೆಲಸಕ್ಕೆ ಅವರಪ್ಪಂದಿರು ತಲೆ ಒಡ್ಕೊಂಡ್ರೋ, ಅದೇ ಕೆಲಸ.

"ನಮ್ಮಪ್ಪ ಇದನ್ನ ನೋಡಬೇಕಿತ್ತು" ಅಂದ ಶನಿಯಾರ.

"ನಮ್ಮಪ್ಪ ನೋಡದೇ ಇದ್ದಿದ್ದೇ ಒಳ್ಳೇದಾಯ್ತು" ಅಂದ ಕುಪ್ಪಯ್ಯ.

ಎಷ್ಟೋ ಕಾಲದ ಮೇಲೆ ಅವರಾಡಿದ ಮೊದಲ ಮಾತು ಅದು. ಇಬ್ಬರೂ ನಕ್ಕುಬಿಟ್ರು. ಅಷ್ಟೊತ್ತಿಗೆ ಮಾಸ್ತಮ್ಮನ ಹಗ್ಗ ಬಿತ್ತು, ಇನ್ನೊಬ್ಬಂದು ಬಿತ್ತು, ಮತ್ತೊಬ್ಬಂದು ಬಿತ್ತು. ಗೂಟದ ಸುತ್ತ ದೋಣಿಗಳು ಹಂದಿಮರಿಗಳ ಹಾಗೆ ಮುತ್ಕೊಂಡ್ವು. ಹುಣ್ಣಿಮೆ ಉಬ್ಬರ ಕೆಳಗಿಂದ ಎತ್ತಿದ್ದೇ ಎತ್ತಿದ್ದು. ನೀರಿನ ಅಡಿಯಿಂದ ಗುಳುಕ್ ಅಂತ ಒಂದು ಶಬ್ದ ಬಂತು. ಗೂಟ ಮೆಲ್ಲಗೆ ಮೇಲೆ ಬಂದು, ಅಡ್ಡ ಬಿದ್ದು, ತೇಲೋಕೆ ಶುರುವಾಯ್ತು.

ಆಮೇಲೆ ಯಾರಿಗೂ ಹೇಳಬೇಕಾಗಲಿಲ್ಲ. ಸಂಜೆ ಇಳಿತಕ್ಕೆ ಎಲ್ಲರೂ ಒಬ್ಬರ ಗೂಟಕ್ಕೆ ಇನ್ನೊಬ್ಬರು ದೋಣಿ ಬಿಗಿದ್ರು. ಒಂದು ಗೂಟಕ್ಕೆ ನಾಲ್ಕು ಮನೆ ದೋಣಿ, ಅದು ಬಂದ್ರೆ ಇನ್ನೊಂದಕ್ಕೆ. ರಾತ್ರಿ ಉಬ್ಬರ ಎಲ್ಲಾನೂ ಕಿತ್ತು ಹಾಕ್ತು. ಮಾರನೇ ದಿನ ಸಾಹೇಬ್ರು ಜೀಪಿಂದ ಇಳಿದು ನೋಡ್ತಾರೆ, ದಡ ಅಂಗೈ ಹಾಗೆ ಖಾಲಿ. ಗೂಟಗಳೆಲ್ಲ ಒಂದು ರಾಶಿ, ರಾಶಿ ಮೇಲೆ ಊರಿನವರು ಕೂತು ಎಲೆಯಡಿಕೆ ಹಾಕ್ತಿದ್ದಾರೆ.

"ಇಷ್ಟೊಂದು ಒಳ್ಳೆ ಮರ! ಯಾರದ್ರೀ ಇದು?" ಅಂತ ಕೇಳಿದ್ರು ಸಾಹೇಬ್ರು.

"ಊರಿಂದು ಸಾಹೇಬ್ರೇ" ಅಂದ ಕುಪ್ಪಯ್ಯ.

ಧಕ್ಕೆ ಎದ್ದು ನಿಂತಿತು. ಅಗಲವಾದ ಮೆಟ್ಟಿಲು, ನೀರು ಇಳಿದಾಗಲೂ ಕಾಲಿಗೆ ಕಲ್ಲು ಸಿಗೋ ಹಾಗೆ. ಆ ಗೂಟಗಳನ್ನ ಬಿಸಾಕಲಿಲ್ಲ. ಕೆತ್ತಿ, ಟಾರು ಬಳಿದು, ಧಕ್ಕೆಯ ಅಂಚಿಗೆ ಸಾಲಾಗಿ ನಿಲ್ಲಿಸಿದ್ರು, ದೋಣಿ ಕಟ್ಟೋಕೆ. ಯಾವುದು ಯಾರದು ಅಂತ ಈಗ ಬ್ರಹ್ಮನಿಗೂ ಗೊತ್ತಾಗಲ್ಲ.

ಒಂದು ದಿನ ಕುಪ್ಪಯ್ಯ ಸಮುದ್ರದಿಂದ ತಡವಾಗಿ ಬಂದ. ಗಾಳಿ, ಮಳೆ. ಅಭ್ಯಾಸಬಲ ನೋಡಿ, ಹಗ್ಗ ಕೈಲಿ ಹಿಡ್ಕೊಂಡು ಹಳೇ ಜಾಗ ಹುಡುಕ್ತಾ ದೋಣೀನ ಅತ್ತ ಇತ್ತ ಆಡಿಸ್ತಿದ್ದ. ಧಕ್ಕೆ ಮೇಲೆ ಬುಟ್ಟಿ ಇಟ್ಕೊಂಡು ಕೂತಿದ್ದ ಮಾಸ್ತಮ್ಮ ಎದ್ದು ನಿಂತ್ಲು. ಅವಳ ಕಾಲಲ್ಲಿ ಕೆಸರು ಇರಲಿಲ್ಲ.

"ಎಂತ ಅಧ್ಯಕ್ಷ್ರೇ, ಗೂಟ ಹುಡುಕ್ತಿದ್ದೀರಾ?"

"ಎಲ್ಲಿ ಕಟ್ಲಿ ಮಾಸ್ತಕ್ಕ?"

"ಎಲ್ಲಿ ಬೇಕಾದ್ರೂ ಕಟ್ಟಿ. ಮೊದಲು ನಿಮ್ಗೆ ಒಂದೇ ಇತ್ತು. ಈಗ ಅಷ್ಟೂ ನಿಮ್ದೇ."

ಕುಪ್ಪಯ್ಯ ಕಣ್ಣು ಮುಚ್ಚಿ ಹಗ್ಗ ಎಸೆದ. ಮಾಸ್ತಮ್ಮ ಹಿಡಿದು, ಹತ್ರ ಇದ್ದ ಗೂಟಕ್ಕೆ ಸುತ್ತಿ ಬಿಗಿದ್ಲು.

ನೀತಿ: ಸರ್ಕಾರ ಲೈಸನ್ಸು ಕೊಡಬಹುದು, ಕಲ್ಲು ಕೊಡಬಹುದು, ಜಾಗ ಮಾತ್ರ ನಾವೇ ಬಿಡಬೇಕು. ಊರಿಗೆ ಒಳ್ಳೇದಾಗಲಿ ಅಂತ ಯಾರು ಜೋರಾಗಿ ಕೂಗ್ತಾರೋ, ಅವರ ಗೂಟ ಮೊದಲು ಏಳಬೇಕು. ನಂದು ಅಂತ ಒಂದನ್ನ ಬಿಟ್ಟವನಿಗೆ, ನಮ್ಮದು ಅಂತ ನೂರು ಸಿಗುತ್ತೆ. ಅರ್ಥ ಆಯ್ತಾ? ಆಯ್ತು ಅಂದ್ರೆ, ಏಯ್, ಅಲ್ಲಿ ಇಡೀ ಜಗಲಿ ಹಿಡ್ಕೊಂಡು ಕೂತಿದ್ದೀಯಲ್ಲ, ಸ್ವಲ್ಪ ಪಕ್ಕಕ್ಕೆ ಸರಿ. ತಂಗಿ ನಿಂತಿದ್ದಾಳೆ.