ಹರಿದ ಮುತ್ತುಗದೆಲೆ

"ಕೇಳಿರಪ್ಪೋ ಕೇಳಿ! ಕಲ್ಬೆಟ್ಟದ ದೊರೆಯ ಅಪ್ಪಣೆ. ಕುವರಿ ಪದುಮಲೆಯ ಮೂರು ಒಗಟು ಬಿಡಿಸಿದವನಿಗೆ ಮುತ್ತುಗದ ಕಾಡು. ತಪ್ಪಿದವನ ತಲೆ ಕೋಟೆಬಾಗಿಲಿಗೆ. ಒಂದನೆಯದು, ಕಾಡೆಲ್ಲ ಹೊತ್ತಿ ಉರಿಯುತ್ತದೆ, ಹೊಗೆಯಿಲ್ಲ, ಬೂದಿಯಿಲ್ಲ. ಎರಡನೆಯದು, ಮುಡಿಯಲ್ಲಿ ಜಾಗವಿಲ್ಲ, ಮೂಗಿಗೆ ಬೇಡ. ಆದರೂ ಮದುವಣಗಿತ್ತಿಯ ಸೀರೆಗೆ ಬಣ್ಣ, ಅದರ ಮಗ ಕೂಸಿನ ಹೊಟ್ಟೆಯ ಕಳ್ಳರನ್ನು ಓಡಿಸುತ್ತಾನೆ. ಮೂರನೆಯದು ಅರಮನೆಯಲ್ಲೇ."

ಡಂಗುರ ಕೇಳಿದ ದ್ಯಾವ ಮುಗುಳ್ನಕ್ಕ. ದೊರೆ ಕಾಡಿಗೆ ಬೇಲಿ ಹಾಕಿಸಿದ ಮೇಲೆ ಅವನ ಹಟ್ಟಿಯವರಿಗೆ ಮುತ್ತುಗದ ಎಲೆಗಳನ್ನು ಕಡ್ಡಿ ಚುಚ್ಚಿ ಜೋಡಿಸಿ ಊಟದೆಲೆ ಹಚ್ಚಿ ಮಾರುವ ಕಸುಬೇ ತಪ್ಪಿತ್ತು, ಒಲೆಗಳು ತಣ್ಣಗಿದ್ದವು. ಕಾಡು ಮರಳಿ ಬಂದರೆ ಹಟ್ಟಿ ಉಳಿಯುತ್ತದೆ. ಒಗಟು ತಿಳಿದಿದ್ದೂ ಸುಮ್ಮನಿರಲು ಅವನಿಗಾಗಲಿಲ್ಲ.

ಅತ್ತ ಅರಮನೆಯಲ್ಲಿ ದಂಡನಾಯಕನ ಮಗ "ಕಾಳ್ಗಿಚ್ಚು" ಎಂದ, ತಲೆ ಹೋಯಿತು. ಬಣ್ಣದ ವ್ಯಾಪಾರಿ ಮೊದಲನೆಯದನ್ನು ಬಿಡಿಸಿದ, ಎರಡನೆಯದಕ್ಕೆ "ಅರಿಸಿನ" ಎಂದ, ಅವನದೂ ಹೋಯಿತು. ಕಾಡಿನ ಮೇಲೆ ಆಸೆಯಿದ್ದವರಿಗೆ ಕಾಡಿನ ಪರಿಚಯ ಅಷ್ಟೇ ಇತ್ತು.

ದ್ಯಾವ ಹೊರಟಾಗ ಅದೇ ಹಟ್ಟಿಯ ಈರಗನೂ ಜೊತೆಯಾದ. ಇಬ್ಬರೂ ಎಲೆಯಣ್ಣತಮ್ಮಂದಿರು. ಒಂದೇ ಎಲೆಯನ್ನು ಇಬ್ಬರು ಸೇರಿ ಹಚ್ಚಿ ಅದರಲ್ಲೇ ಉಂಡರೆ ಆ ಸೀಮೆಯಲ್ಲಿ ಒಡಹುಟ್ಟಿದವರ ಲೆಕ್ಕ. ಒಬ್ಬನ ಗೆಲುವು ಇಬ್ಬರಿಗೂ ಸಲ್ಲುತ್ತದೆ, ದೊರೆಯೂ ಅಲ್ಲಗಳೆಯುವಂತಿಲ್ಲ. ಅಂದು ಬೆಳಿಗ್ಗೆಯೂ ಒಣಗಿಸಿಟ್ಟ ಎಲೆ ನೆನೆಸಿ, ಆ ಬದಿ ಒಬ್ಬ ಈ ಬದಿ ಒಬ್ಬ ಕಡ್ಡಿ ಚುಚ್ಚಿ ಬುತ್ತಿ ಕಟ್ಟಿದ್ದರು. ದಾರಿಯಲ್ಲಿ ದ್ಯಾವ ಎರಡೂ ಉತ್ತರ ಬಿಡಿಸಿ ಹೇಳಿದ.

ಹೊಳೆ ಸಿಕ್ಕಿತು. "ಮಿಂದು ಬಾರೋ ತಮ್ಮ, ಬುತ್ತಿ ಬಿಚ್ಚಿರ್ತೀನಿ," ಅಂದ ಈರಗ.

ದ್ಯಾವ ಮಿಂದು ಬಂದ. ಈರಗನಿಲ್ಲ. ಅರಮನೆಗೆಂದು ಅವ್ವ ಹೂವಿನ ಬಣ್ಣದಲ್ಲಿ ಅದ್ದಿಕೊಟ್ಟ ಪಂಚೆಯೂ ಇಲ್ಲ. ಕಾಡು ತನ್ನೊಬ್ಬನದೇ ಆಗಲೆಂದು ಬುತ್ತಿಯ ಎಲೆಯನ್ನು ನಡುವೆ ಹರಿದು, ತನ್ನ ಪಾಲು ಒಯ್ದು, ಇವನ ಪಾಲನ್ನು ಮಣ್ಣಿನ ಮೇಲೆ ಬಿಟ್ಟಿದ್ದ. ಕಳ್ಳನಾಗಿದ್ದರೆ ಎಲ್ಲವನ್ನೂ ಒಯ್ಯುತ್ತಿದ್ದ. ಪಾಲು ಮಾಡಿ ಹೋದದ್ದೇ ದ್ಯಾವನಿಗೆ ಹೆಚ್ಚು ಉರಿಯಿತು. ಅನ್ನವನ್ನು ಹೊಳೆಯ ಮೀನುಗಳಿಗೆ ಚೆಲ್ಲಿದ. ಆ ಅರ್ಧ ಎಲೆ ಹಿಡಿದು ಒದ್ದೆ ಮೈಯಲ್ಲೇ ನಡೆದ.

ಒಡ್ಡೋಲಗದಲ್ಲಿ ಈರಗ ಆ ಪಂಚೆಯುಟ್ಟು ನಿಂತಿದ್ದ. ಎರಡು ಉತ್ತರ ಹೇಳಿ ಮುಗಿಸಿದ್ದ.

ಪದುಮಲೆ ಮೂರನೆಯದನ್ನು ಕೇಳಿದಳು. "ಇಬ್ಬರು ಹಚ್ಚಿದ್ದು, ಒಬ್ಬ ಹರಿದದ್ದು. ಹರಿದವನಿಗೆ ಹಗುರ, ಉಳಿದವನಿಗೆ ಭಾರ. ಮತ್ತೆ ಹಚ್ಚಲು ಯಾವ ಕಾಡಿನಲ್ಲೂ ಕಡ್ಡಿಯಿಲ್ಲ. ಏನದು?"

"ಅದೇನು ಮಹಾ? ಊಟದೆಲೆ," ಎಂದ ಈರಗ.

"ಊಟದೆಲೆಗೆ ಕಡ್ಡಿ ಬೇಕಾದಷ್ಟಿದೆ," ಎಂದಳು ಅವಳು. ಭಟರು ಅವನ ರಟ್ಟೆ ಹಿಡಿದರು.

ದ್ಯಾವ ಮುಂದೆ ಬಂದ. "ನಾನು ಹೇಳ್ತೀನಿ ತಾಯಿ. ಹೊಗೆಯಿಲ್ಲದ ಉರಿ ಮುತ್ತುಗದ ಹೂ; ಮರದಲ್ಲಿ ಒಂದೆಲೆ ಇಲ್ಲದಾಗ ಕೆಂಡದಂಗೆ ಅರಳ್ತದೆ. ಎರಡನೇದೂ ಅದೇ. ಗಂಧವಿಲ್ಲ, ಅದಕ್ಕೆ ಯಾರೂ ಮುಡಿಯೋದಿಲ್ಲ. ಕುದಿಸಿದರೆ ಸೀರೆಗೆ ಬಣ್ಣ, ಅದರ ಬೀಜ ಅರೆದು ಕೊಟ್ಟರೆ ಮಗುವಿನ ಹೊಟ್ಟೆಯ ಹುಳ ಬೀಳ್ತದೆ. ಮೂರನೇದು ನಂಬಿಕೆ."

"ಯಾರು ಹೇಳಿಕೊಟ್ಟರು?"

"ಬೆಳಿಗ್ಗೆ ನನಗೂ ಗೊತ್ತಿರ್ಲಿಲ್ಲ. ಹೊಳೆದಂಡೇಲಿ ಗೊತ್ತಾಯ್ತು." ಅರ್ಧ ಎಲೆಯನ್ನು ಅವಳ ಮುಂದಿಟ್ಟ.

ಪದುಮಲೆ ಅದನ್ನೆತ್ತಿ ಹರಿದ ಅಂಚನ್ನು ಬೆರಳಿನಿಂದ ಸವರಿದಳು. ಅವಳಿಗೂ ಎಂದೋ ಒಬ್ಬಳು ಎಲೆಯಕ್ಕ ಇದ್ದಳು. "ಕಾಡು ನಿನ್ನದು," ಎಂದಳು.

ಆಗ ಈರಗ ಕೂಗಿಕೊಂಡ. "ತಮ್ಮಾ, ನಾವು ಒಂದೇ ಎಲೇಲಿ ಉಂಡೋರು ಅಂತ ಹೇಳೋ. ನಿನ್ನ ಗೆಲುವಲ್ಲಿ ನನ್ನ ತಲೆ ಉಳೀತದೆ."

"ನಿಜವೇ?" ಎಂದು ಅವಳು ಕೇಳಿದಳು.

ಇಲ್ಲ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ದ್ಯಾವನಿಗೆ ಹಾಗೆನ್ನಬೇಕೆಂದು ಆಸೆಯೂ ಆಯಿತು. ಅವನೇನು ದೇವರಲ್ಲ.

"ಉಂಡದ್ದು ನಿಜ, ತಾಯಿ," ಎಂದ. ಭಟರು ಕೈ ಬಿಟ್ಟರು.

ಹಟ್ಟಿಯಲ್ಲಿ ಒಲೆಗಳು ಮತ್ತೆ ಹೊತ್ತಿದವು. ವರ್ಷವರ್ಷ ಕಾಡು ಹೂವಿನಿಂದ ಉರಿಯಿತು. ಈರಗನೂ ಅಲ್ಲೇ ಬಾಳಿದ, ಊಟದ ಹೊತ್ತಿಗೆ ತಾನು ಅರ್ಧ ಹಚ್ಚಿದ ಎಲೆ ಹಿಡಿದು, ಉಳಿದರ್ಧ ಅವನು ಹಚ್ಚಲೆಂದು ದ್ಯಾವನೆದುರು ಬಂದು ಕೂರುತ್ತಿದ್ದ. ದ್ಯಾವ ಅವನಿಗೆ ಅನ್ನ ಬಡಿಸುತ್ತಿದ್ದ. ಆಮೇಲೆ ತಾನೊಬ್ಬನೇ ಹಚ್ಚಿದ ಎಲೆ ಹಾಕಿಕೊಂಡು, ಅತ್ತ ತಿರುಗಿ ಕೂತು ಉಣ್ಣುತ್ತಿದ್ದ.