ರೊಟ್ಟಿ ಕಾದ ದೊರೆ

ಗಾಳಿಕೆರೆ ಸಂಸ್ಥಾನದ ದೊರೆ ಮಲ್ಲಪ್ಪ ನಾಯಕನಿಗೆ ಇಂಗ್ಲಿಷ್ ಹುಚ್ಚು ಹತ್ತಿತ್ತು. ಕಲಿಸುವುದಕ್ಕೆ ಟಿಬ್ಸ್ ಎಂಬ ಸಾಹೇಬನನ್ನು ಕರೆಸಿಕೊಂಡಿದ್ದ. ಸಾಹೇಬನದು ಬೇರೆಯೇ ಹುಚ್ಚು. ಯಾವ ಪದ ಕಿವಿಗೆ ಬಿದ್ದರೂ ಅದರ ಮುತ್ತಾತನ ಕಾಲದ ಅರ್ಥ ಕೆದಕಿ ತೆಗೆಯದೆ ಅವನಿಗೆ ಊಟ ಸೇರುತ್ತಿರಲಿಲ್ಲ.

ಒಂದು ದಿನ ದೊರೆ ತುಂಬಿದ ಸಭೆಯಲ್ಲಿ ಮೀಸೆ ತಿರುವಿದ.

"ಇಂಗ್ಲೆಂಡಿನವರ ಇಂಗ್ಲಿಷ್ ಕೆಟ್ಟು ಕೆರ ಹಿಡಿದಿದೆಯಂತೆ. ಚೊಕ್ಕ ಇಂಗ್ಲಿಷ್ ಇನ್ನು ಮೇಲೆ ಗಾಳಿಕೆರೆಯಲ್ಲಿ ಮಾತ್ರ. ಪದ ಹುಟ್ಟಿದಾಗ ಯಾವ ಅರ್ಥ ಇತ್ತೋ ಅದೇ ಅರ್ಥ. ಆಮೇಲೆ ಬಂದದ್ದು ಲೆಕ್ಕಕ್ಕಿಲ್ಲ. ಇದು ನಮ್ಮ ಆಜ್ಞೆ."

ಎಲ್ಲರೂ ತಲೆಯಾಡಿಸಿದರು. ಸಾಹೇಬನನ್ನು ಬಿಟ್ಟರೆ ಆ ಸಭೆಯಲ್ಲಿ ಇಂಗ್ಲಿಷ್ ಬಲ್ಲವನು ದುಭಾಷಿ ಸಿರಿಯಣ್ಣನೊಬ್ಬನೇ. ದೊರೆಯನ್ನು ಖುಷಿಪಡಿಸೋಣವೆಂದು ಪಾಪ ಅವನು ಎದ್ದು ನಿಂತು, "ಯುವರ್ ಹೈನೆಸ್ ಈಸ್ ವೆರಿ ನೈಸ್" ಎಂದುಬಿಟ್ಟ.

ಸಾಹೇಬ ಗಂಟಲು ಸರಿಮಾಡಿಕೊಂಡ. "ನೈಸ್ ಅಂದರೆ ಈಗ ಒಳ್ಳೆಯವನು. ಹಿಂದೆ ಅದರ ಅರ್ಥ ದಡ್ಡ, ಏನೂ ತಿಳಿಯದವನು."

ಸಿರಿಯಣ್ಣ ಕೂತುಕೊಳ್ಳುವ ಮೊದಲೇ ಕಾವಲಿನವರು ಅವನ ರಟ್ಟೆ ಹಿಡಿದರು. ಹುಣ್ಣಿಮೆ ಕಳೆದ ಮರುದಿನ ಗಡೀಪಾರು, ಅಲ್ಲಿಯತನಕ ಸೆರೆಮನೆ ಎಂದು ದೊರೆ ಅಪ್ಪಣೆ ಕೊಡಿಸಿದ. ಗಲಾಟೆ ಅಷ್ಟಕ್ಕೇ ನಿಲ್ಲಲಿಲ್ಲ. ಮೀಟ್ ಅಂದರೆ ಈಗ ಮಾಂಸ, ಹಿಂದೆ ಎಲ್ಲ ಬಗೆಯ ಆಹಾರವೂ ಆಗಿತ್ತು ಎಂದು ಸಾಹೇಬ ಹೇಳಿದ್ದೇ ತಡ, ಆಸ್ಥಾನದ ಜೋಯಿಸರು ಬೆಳಿಗ್ಗೆ ತಿಂದ ಮೊಸರನ್ನ ನೆನೆಸಿಕೊಂಡು ಹೊಳೆಗೆ ಓಡಿದರು. ಸಂಜೆಯಾದರೂ ನೀರಿನಿಂದ ಎದ್ದು ಬರಲಿಲ್ಲ.

ಆಸ್ಥಾನದ ಮಾತುಗಾರ ಕೊಂಡಯ್ಯ ಮಾತ್ರ ನಗಲಿಲ್ಲ. ಸಿರಿಯಣ್ಣ ಅವನ ಜೀವದ ಗೆಳೆಯ. ದಿನಾ ಸಂಜೆ ಇಬ್ಬರೂ ಜಗಲಿಯ ಮೇಲೆ ಚೌಕಾಬಾರ ಆಡುವವರು, ಆಡಿ ಜಗಳವಾಡುವವರು. ಆ ಸಂಜೆ ಕವಡೆ ಮುಂದಿಟ್ಟುಕೊಂಡು ಒಬ್ಬನೇ ಕೂತ ಕೊಂಡಯ್ಯನಿಗೆ ಅಳುವೇ ಬಂತು. ಕಣ್ಣೊರೆಸಿಕೊಂಡು ಎದ್ದವನು ನೇರ ಸಾಹೇಬನ ಬಂಗಲೆಗೆ ಹೋದ. ಏನೋ ಒಂದು ಪದ ಕೇಳಿದ. ತಿರುಗಿ ಬರುವಾಗ ಅವನ ಬಾಯಲ್ಲಿ ಹಾಡಿತ್ತು.

ಮರುದಿನ ದೊರೆಯ ಮುಂದೆ ಕೈಮುಗಿದ. "ಮಹಾಸ್ವಾಮಿ, ಇಷ್ಟು ಚೊಕ್ಕ ಇಂಗ್ಲಿಷ್ ಇರೋ ಸಂಸ್ಥಾನದಲ್ಲಿ ತಾವು ಬರೀ ನಾಯಕ ಅನ್ನಿಸಿಕೊಳ್ಳೋದೇ? ಲಾರ್ಡ್ ಅಂತ ಬಿರುದು ಧರಿಸಬೇಕು."

"ಕೊಡೋರು ಯಾರಯ್ಯ?"

"ತಾವೇ ಕೊಡೋದು, ತಾವೇ ತಗೊಳ್ಳೋದು. ನಡುವೆ ಇನ್ನೊಬ್ಬರ ಕೈ ಯಾಕೆ?"

ದೊರೆ ಹಿಗ್ಗಿ ಹೀರೇಕಾಯಿಯಾದ. ಆದರೆ ಗಾಳಿಕೆರೆಯಲ್ಲಿ ಅವನ ಅಜ್ಜ ಮಾಡಿಟ್ಟ ಒಂದು ಪದ್ಧತಿಯಿತ್ತು. ಬಿರುದು ಪಡೆದವನು ಅದೇ ದಿನ, ಹೊತ್ತು ಮುಳುಗುವವರೆಗೆ, ಬಿರುದಿನ ಕೆಲಸವನ್ನು ಎಲ್ಲರೆದುರು ಮಾಡಿ ತೋರಿಸಬೇಕು. ಗಜಮಲ್ಲ ಎಂಬ ಬಿರುದು ಕೇಳಿ ಪಡೆದ ಸರದಾರನೊಬ್ಬ ಅಂದು ಆನೆಯ ಮುಂದೆ ನಿಂತವನು ಇಂದಿಗೂ ಮಂಚದ ಮೇಲೇ ಇದ್ದ.

"ಪದ್ಧತಿ ಇದ್ದರೆ ಇರಲಿ ಬಿಡು," ಎಂದ ದೊರೆ. "ಲಾರ್ಡ್ ಅಂದರೆ ಒಡೆಯ. ಸಿಂಹಾಸನದ ಮೇಲೆ ಕೂತರೆ ಮುಗೀತು."

ಹುಣ್ಣಿಮೆಯ ಬೆಳಿಗ್ಗೆ ಸುತ್ತಲಿನ ಪಾಳೆಯಗಾರರೆಲ್ಲ ನೆರೆದರು. ದೊರೆ ತನ್ನ ಕೈಯಿಂದಲೇ ತನಗೆ ಪೇಟ ಸುತ್ತಿಕೊಂಡು ಲಾರ್ಡ್ ಆದ. ಕಹಳೆ ನಿಂತಿತು. ಕೊಂಡಯ್ಯ ವಿನಯದಿಂದ ಕೇಳಿದ: "ಸಾಹೇಬರೇ, ಆಜ್ಞೆ ಪ್ರಕಾರ ಆ ಪದದ ಹುಟ್ಟು ಒಂದಿಷ್ಟು ಹೇಳಿಬಿಡಿ."

ಸಾಹೇಬನ ಮುಖ ಅರಳಿತು. "ಲೋಫ್ ಅಂದರೆ ರೊಟ್ಟಿ. ವಾರ್ಡ್ ಅಂದರೆ ಕಾಯುವವನು. ಎರಡೂ ಸೇರಿ, ಸವೆದು, ಲಾರ್ಡ್ ಆಯಿತು."

ದೊರೆ ಪೇಟ ತೆಗೆಯಲು ಕೈಯೆತ್ತಿದ. ಆದರೆ ಪಾಳೆಯಗಾರರೆಲ್ಲ ಕಣ್ಣು ಕೀಲಿಸಿ ನೋಡುತ್ತಿದ್ದರು, ಗೋಡೆಯ ಮೇಲಿನ ಪಟದಿಂದ ಅಜ್ಜನೂ ನೋಡುತ್ತಿದ್ದ.

ಸಿಂಹಾಸನವನ್ನು ಅಡುಗೆಮನೆಗೆ ಹೊತ್ತರು. ಬುಟ್ಟಿ ತುಂಬ ಜೋಳದ ರೊಟ್ಟಿ ತಂದಿಟ್ಟರು. ದೊರೆಯ ಕೈಗೆ ರಾಜದಂಡದ ಬದಲು ಕಾಗೆ ಓಡಿಸುವ ಕೋಲು ಬಂತು. ಪಾಳೆಯಗಾರರು ಸಾಲಾಗಿ ಬಂದು ಮುಜುರೆ ಮಾಡಿ, ರೊಟ್ಟಿಯನ್ನೂ ಒಮ್ಮೆ ನೋಡಿ ಹೋದರು. ಒಲೆಯ ಹೊಗೆಗೆ ದೊರೆಯ ಕಣ್ಣಲ್ಲಿ ನೀರು, ಮೂಗಿನಲ್ಲೂ ನೀರು.

ಅಷ್ಟರಲ್ಲಿ ಸಾಹೇಬ ಇಣುಕಿದ. "ಲೇಡಿ ಅಂದರೆ ಹಿಟ್ಟು ನಾದುವವಳು. ರಾಣಿಯವರಿಗೂ ಹೇಳಿ ಬಂದೆ."

"ಏನಂದಳು?" ದೊರೆ ಕೇಳಿದ.

"ಅಂತಃಪುರದ ಬಾಗಿಲು ಹಾಕಿಸಿದರು. ತಾವು ಇವತ್ತು ರೊಟ್ಟಿಗಳ ಪಕ್ಕದಲ್ಲೇ ಮಲಗಬೇಕಂತೆ."

ಮಧ್ಯಾಹ್ನದ ಹೊತ್ತಿಗೆ ದೊರೆಗೆ ಜೊಂಪು ಹತ್ತಿತು. ಕಣ್ಣು ಬಿಟ್ಟರೆ ಬುಟ್ಟಿಯ ಮೇಲಿನ ರೊಟ್ಟಿ ಮಾಯ. ಎದುರಿಗೆ ಕೊಂಡಯ್ಯ ಕೈಕಟ್ಟಿ ನಿಂತಿದ್ದ.

"ಕಾಗೆ ಒಯ್ತು, ಮಹಾಸ್ವಾಮಿ. ಹೇಳೋಕೆ ನಾಲಿಗೆ ಬರ್ತಿಲ್ಲ. ಕಾವಲಿನ ಮಾಲು ಕಳೆದವನಿಗೆ ಆ ದಿನ ಊಟ ಇಲ್ಲ ಅಂತ ತಮ್ಮದೇ ಕಟ್ಟಳೆ."

ಅಡುಗೆಮನೆಯಲ್ಲಿ ಬದನೆಕಾಯಿ ಎಣ್ಣೆಗಾಯಿ ಘಮಘಮಿಸುತ್ತಿತ್ತು. ದೊರೆ ಕೋಲನ್ನು ನೆಲಕ್ಕೆ ಒಗೆದ.

"ಸಾಕಪ್ಪ. ಪದ ಎಲ್ಲಾದರೂ ಹುಟ್ಟಲಿ, ಹೇಗಾದರೂ ಬೆಳೀಲಿ. ಇವತ್ತು ಜನ ಏನು ಅಂದುಕೊಂಡು ಆಡ್ತಾರೋ ಅದೇ ಅದರ ಅರ್ಥ. ಆಜ್ಞೆ ರದ್ದು."

"ಹಾಗಾದರೆ ನಮ್ಮ ಸಿರಿಯಣ್ಣ ತಮ್ಮನ್ನ ಹೊಗಳಿದ ಹಾಗಾಯ್ತು."

ದೊರೆ ಅವನನ್ನೇ ದಿಟ್ಟಿಸಿ ನೋಡಿದ. ಇಡೀ ಹುನ್ನಾರ ನಿಧಾನವಾಗಿ ತಲೆಗೆ ಹತ್ತಿತು. ಮೊದಲು ಹಲ್ಲು ಕಡಿದ, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ.

"ಬಿಡಿಸ್ರಯ್ಯ ಅವನನ್ನ. ಕೊಂಡಯ್ಯ, ನಿನ್ನ ಜಾಣತನಕ್ಕೆ ಒಂದು ಬಿರುದು ಕೊಡ್ತೀನಿ, ಕೇಳು."

ಕೊಂಡಯ್ಯ ಎರಡು ಹೆಜ್ಜೆ ಹಿಂದೆ ಸರಿದ.

"ಬಿರುದು ಬೇಡ ಪ್ರಭು, ಇನ್ನೊಂದು ರೊಟ್ಟಿ ಕೊಡಿಸಿ. ಆಗಲೇ ಕಾಗೆ ಒಯ್ದದ್ದನ್ನ ಸೆರೆಮನೆ ಕಿಟಕಿಯಿಂದ ಸಿರಿಯಣ್ಣನಿಗೆ ಕೊಟ್ಟುಬಿಟ್ಟೆ."